ಕಡಲಡಿಯನ್ನು ಶೋಧಿಸಿದ ಕನ್ನಡಿಗರು: ಡಾ. ಶಿಕಾರಿಪುರ ರಂಗನಾಥರಾಯರು

ನೆಲವನ್ನು ಅಗೆದು, ಅಲ್ಲಿ ದೊರೆತ ಮಡಕೆಯ ಚೂರು, ಮಣಿ, ಮುದ್ರೆ, ಇಟ್ಟಿಗೆಗಳಿಂದ ಹಿಂದಿನವರ ಬಾಳನ್ನು ಅರಿಯುವ ವಿದ್ಯೆಗೆ ಪುರಾತತ್ತ್ವವೆಂದು ಹೆಸರು. ಆದರೆ ಹಿಂದಿನವರ ಕುರುಹುಗಳೆಲ್ಲವೂ ನೆಲದಲ್ಲಿಯೇ ಹುದುಗಿಲ್ಲ. ಬಿರುಗಾಳಿಗೆ ಸಿಲುಕಿಯೋ, ಬಂಡೆಗೆ ಬಡಿದೋ ಮುಳುಗಿದ ಹಡಗುಗಳೂ, ನೀರು ನುಂಗಿದ ಬಂದರುಗಳೂ ಸಮುದ್ರದ ತಳದಲ್ಲಿ ಮಲಗಿವೆ. ಅವನ್ನು ಅರಸುವ ವಿದ್ಯೆಯನ್ನು ಭಾರತದಲ್ಲಿ ಕಟ್ಟಿ ನಿಲ್ಲಿಸಿದ ಹಿರಿಮೆ ಒಬ್ಬ ಕನ್ನಡಿಗರದು. ಅವರೇ ಡಾ. ಶಿಕಾರಿಪುರ ರಂಗನಾಥರಾಯರು, ಎಸ್. ಆರ್. ರಾವ್ ಎಂದು ವಿದ್ವಲ್ಲೋಕ ಬಲ್ಲ ಮಹನೀಯರು.

ಅವರ ಜೀವನವನ್ನು ಇಲ್ಲಿ ಬರೆಯಲು ಕಾರಣನಾದವನು ನಮ್ಮ ಏಳನೆಯ ತರಗತಿಯ ಒಬ್ಬ ಬಾಲಕ. ನಾವು ರಾಂಜಣಗಾಂವದಲ್ಲಿ ನೆಲಸಿ, ಪುಣೆ ನಗರದ ಶಾಲೆಗೆ ದಿನವೂ ಬಸ್ಸಿನಲ್ಲಿ ಬಂದು ಹೋಗುವವರು. ಮಹಾಗಣಪತಿಯ ದೇವಾಲಯದಿಂದಲೂ ಕಾರ್ಖಾನೆಗಳಿಂದಲೂ ಹೆಸರಾದ ಆ ಊರಿಗೂ ಸಮುದ್ರಕ್ಕೂ ನಡುವೆ ಸಹ್ಯಾದ್ರಿಯೇ ಅಡ್ಡವಾಗಿದೆ. ನಮ್ಮ ಮಕ್ಕಳಲ್ಲಿ ಅನೇಕರು ಕಡಲನ್ನು ಕಂಡವರಲ್ಲ. ಮುಳುಗಿದ ಹಡಗುಗಳನ್ನು ಕುರಿತು ಪಾಠ ಹೇಳುತ್ತಿದ್ದಾಗ, ಈ ಕೆಲಸವನ್ನು ಮಾಡಿದವರಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ ಎಂದು ಆ ಬಾಲಕನು ಕೇಳಿದನು. ನಾವು ಉತ್ತರ ಕೊಡಲಾರದೆ ಪಾಠವನ್ನು ಮುಂದುವರಿಸಿದೆವು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಹೊರನಾಡಿನಲ್ಲಿ ಕನ್ನಡವನ್ನು ಕಲಿಸಿ ಅನ್ನ ಉಣ್ಣುತ್ತಿರುವ ನಮಗೆ ಆ ದಿನ ಮನೆಗೆ ಹೋಗುವ ದಾರಿ ಬಹಳ ದೀರ್ಘವಾಯಿತು. ಉತ್ತರವಿತ್ತು; ನಾವು ಅರಿತಿರಲಿಲ್ಲ. ಆ ಋಣವನ್ನು ತೀರಿಸುವ ಪ್ರಯತ್ನವೇ ಈ ಲೇಖನ.

ರಂಗನಾಥರಾಯರು 1922ನೆಯ ಇಸವಿ ಜುಲೈ 1ರಂದು ಜನಿಸಿದರು. ಅವರ ಹೆಸರಿನ ಮೊದಲಲ್ಲಿರುವ ಶಿಕಾರಿಪುರವು ಶಿವಮೊಗ್ಗ ಜಿಲ್ಲೆಯದು. ಕದಂಬರ ಶಾಸನವುಳ್ಳ ತಾಳಗುಂದವೂ, ಅಲ್ಲಮಪ್ರಭುವಿನ ನೆನಪುಳ್ಳ ಬಳ್ಳಿಗಾವೆಯೂ ಅದೇ ತಾಲೂಕಿನಲ್ಲಿವೆ. ರಾಯರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮುಗಿಸಿ, ಬಡೋದೆ ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ಸೇರಿದರು. ತರುವಾಯ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ಸೇವೆ ಸಲ್ಲಿಸಿದರು. ಹೀಗೆ ಕನ್ನಡನಾಡಿನ ತರುಣರೊಬ್ಬರ ಕರ್ಮಭೂಮಿ ಗುಜರಾತವಾಯಿತು.

ಆ ಕಾಲದ ಸ್ಥಿತಿಯನ್ನು ಇಲ್ಲಿ ನೆನೆಯಬೇಕು. 1947ರಲ್ಲಿ ದೇಶವು ಇಬ್ಭಾಗವಾದಾಗ ಸಿಂಧೂ ನಾಗರಿಕತೆಯ ಮಹಾನಗರಗಳಾದ ಹರಪ್ಪ, ಮೊಹೆಂಜೊದಾರೊ ಎರಡೂ ಪಾಕಿಸ್ತಾನಕ್ಕೆ ಸೇರಿದವು. ಆ ನಾಗರಿಕತೆಯ ನೆಲೆಗಳು ಗಡಿಯ ಈಚೆಗೂ ಇವೆಯೇ ಎಂಬ ಶೋಧನೆ ಮೊದಲಾಯಿತು. ರಾಯರು ಸೌರಾಷ್ಟ್ರದ ರಂಗಪುರದಲ್ಲಿ ಅಗೆತ ನಡೆಸಿದರು. ಸುತ್ತಣ ಪ್ರದೇಶವನ್ನು ಜಾಲಾಡುತ್ತ 1954ರಲ್ಲಿ ಅಹಮದಾಬಾದು ಜಿಲ್ಲೆಯ ಸರಗವಾಲಾ ಗ್ರಾಮದ ಬಳಿ ಒಂದು ದಿಣ್ಣೆಯನ್ನು ಗುರುತಿಸಿದರು. ಅದರ ಹೆಸರು ಲೋಥಲ್. ಸತ್ತವರ ದಿಬ್ಬವೆಂದು ಅದರ ಅರ್ಥ.

1955ರಲ್ಲಿ ಆರಂಭವಾಗಿ ಹಲವು ವರ್ಷ ನಡೆದ ಅಗೆತದಲ್ಲಿ ಆ ದಿಬ್ಬದೊಳಗಿಂದ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಪಟ್ಟಣವೊಂದು ಹೊರಬಂದಿತು. ನೇರವಾದ ಬೀದಿಗಳು, ಚರಂಡಿಗಳು, ಮಣಿ ಮಾಡುವ ಕಾರ್ಯಾಗಾರ, ಸರಕಿನ ಉಗ್ರಾಣ, ದಂತದ ಅಳತೆಪಟ್ಟಿ, ಸುಟ್ಟ ಮಣ್ಣಿನ ದೋಣಿಯ ಗೊಂಬೆಗಳು ದೊರೆತವು. ಪರ್ಷಿಯನ್ ಕೊಲ್ಲಿಯ ಬಗೆಯ ದುಂಡು ಮುದ್ರೆಯೊಂದು ದೊರೆತು, ಈ ಊರಿನವರಿಗೆ ಕಡಲಾಚೆಯವರೊಡನೆ ವ್ಯಾಪಾರವಿತ್ತೆಂಬುದನ್ನು ಸಾರಿತು. ಎಲ್ಲಕ್ಕಿಂತ ವಿಸ್ಮಯವಾದುದು ಪಟ್ಟಣದ ಪೂರ್ವ ದಿಕ್ಕಿನಲ್ಲಿದ್ದ, ಸುಟ್ಟ ಇಟ್ಟಿಗೆಯ ಗೋಡೆಗಳುಳ್ಳ ವಿಶಾಲವಾದ ಕೊಳ. ಅದರ ಉದ್ದ ಸುಮಾರು 214 ಮೀಟರು, ಅಗಲ ಸುಮಾರು 36 ಮೀಟರು. ಇದು ಹಡಗುಕಟ್ಟೆ, ನದಿಯ ಮಾರ್ಗವಾಗಿ ಭರತದ ನೀರಿನೊಡನೆ ಬಂದ ಹಡಗುಗಳು ಇಲ್ಲಿ ತಂಗುತ್ತಿದ್ದವು ಎಂದು ರಾಯರು ಸಾಧಿಸಿದರು. ಅದು ಬರಿಯ ನೀರಾವರಿಯ ಕೆರೆಯೆಂದು ವಾದಿಸಿದ ವಿದ್ವಾಂಸರೂ ಉಂಟು. ಆದರೆ ಕೊಳದ ಮಣ್ಣಿನಲ್ಲಿ ಕಡಲಿನ ಸೂಕ್ಷ್ಮಜೀವಿಗಳ ಚಿಪ್ಪುಗಳು ಕಂಡುಬಂದುದು ರಾಯರ ವಾದಕ್ಕೆ ಬಲವನ್ನು ಕೊಟ್ಟಿತು.

ಬಂದರನ್ನು ಕಂಡವರಿಗೆ ಹಡಗನ್ನು ಅರಸುವ ಆಸೆ ಸಹಜವಲ್ಲವೇ? ಆದರೆ ಆ ಆಸೆ ಕೈಗೂಡಲು ರಾಯರು ಬಹುಕಾಲ ಕಾಯಬೇಕಾಯಿತು. ನಮ್ಮ ನಾಡಿನ ಐಹೊಳೆಯೂ ಸೇರಿದಂತೆ ಅನೇಕ ಕಡೆಗಳಲ್ಲಿ ಅವರು ಅಗೆತ ನಡೆಸಿದರು. 1979-80ರಲ್ಲಿ ದ್ವಾರಕೆಯ ದ್ವಾರಕಾಧೀಶ ದೇವಾಲಯದ ಮುಂಭಾಗದಲ್ಲಿ ಅಗೆದಾಗ ಇನ್ನೂ ಹಳೆಯ ದೇವಾಲಯದ ಅವಶೇಷಗಳು ಗೋಚರವಾದವು. ಮುಂದಿನ ಅವಶೇಷಗಳನ್ನು ಎದುರಿನ ಕಡಲಿನಲ್ಲಿಯೇ ಹುಡುಕಬೇಕೆಂದು ಅವರಿಗೆ ತೋರಿತು. ಅಷ್ಟರಲ್ಲಿ 1980ರಲ್ಲಿ ಅವರು ಸೇವೆಯಿಂದ ನಿವೃತ್ತರಾದರು.

ಸಾಮಾನ್ಯರು ವಿಶ್ರಾಂತಿಯನ್ನು ಬಯಸುವ ಆ ವಯಸ್ಸಿನಲ್ಲಿ ರಾಯರು ಹೊಸ ವಿದ್ಯೆಯೊಂದಕ್ಕೆ ಅಡಿಗಲ್ಲನ್ನಿಟ್ಟರು. ಗೋವೆಯ ದೋನಾ ಪಾವುಲದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ 1981ರಲ್ಲಿ ಸಾಗರ ಪುರಾತತ್ತ್ವ ಕೇಂದ್ರವು ಅವರ ನೇತೃತ್ವದಲ್ಲಿ ಸ್ಥಾಪಿತವಾಯಿತು. ಅನ್ಯದೇಶಗಳಲ್ಲಿ ಈ ವಿದ್ಯೆ ಆಗಲೇ ಬೆಳೆದಿದ್ದಿತು. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಸ್ಪಂಜು ತೆಗೆಯುವ ಮುಳುಗುಗಾರರು 1900ರಲ್ಲಿಯೇ ಪುರಾತನ ಹಡಗೊಂದನ್ನು ಕಂಡಿದ್ದರು. 1943ರಲ್ಲಿ ಫ್ರಾನ್ಸಿನ ಕುಸ್ತೊ ಮತ್ತು ಗಾನ್ಯಾನ್ ಎಂಬವರು ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಉಪಕರಣವನ್ನು ರಚಿಸಿದರು. 1960ರಲ್ಲಿ ತುರ್ಕಿಯ ಗೆಲಿಡೋನ್ಯ ಭೂಶಿರದ ಬಳಿ ಅಮೆರಿಕದ ಜಾರ್ಜ್ ಬಾಸ್ ಎಂಬವರು ಪುರಾತತ್ತ್ವಜ್ಞನೇ ನೀರಿಗಿಳಿದು ಶಾಸ್ತ್ರೀಯವಾಗಿ ಅಗೆಯಬಹುದೆಂದು ತೋರಿಸಿಕೊಟ್ಟರು. ನಮ್ಮಲ್ಲಿ ಮಾತ್ರ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಗಿದ್ದಿತು. ಮುಳುಗಬಲ್ಲವರಿಗೆ ಪುರಾತತ್ತ್ವ ತಿಳಿಯದು. ಪುರಾತತ್ತ್ವ ಬಲ್ಲವರಿಗೆ ಮುಳುಗಲು ಬಾರದು. ಎರಡನ್ನೂ ಬಲ್ಲ ತರುಣರ ಪಡೆಯೊಂದು ಸಿದ್ಧವಾಗಬೇಕಾಗಿದ್ದಿತು.

ಈ ಕೆಲಸದ ಕಷ್ಟವೇನೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಮುಳುಗುಗಾರನ ಬೆನ್ನ ಮೇಲೆ ಗಾಳಿಯನ್ನು ಅದುಮಿ ತುಂಬಿದ ಸಿಲಿಂಡರು ಇರುತ್ತದೆ. ಬಾಯಲ್ಲಿ ಕಚ್ಚಿಕೊಂಡ ಕೊಳವೆಯ ಮೂಲಕ ಅವನು ಉಸಿರಾಡಬೇಕು. ನೀರಿನಲ್ಲಿ 10 ಮೀಟರು ಇಳಿದರೆ ದೇಹದ ಮೇಲಣ ಒತ್ತಡವು ಇಮ್ಮಡಿಯಾಗುತ್ತದೆ. ಗಾಬರಿಯಿಂದ ಉಸಿರು ಬಿಗಿಹಿಡಿದು ಮೇಲಕ್ಕೆ ಬಂದರೆ, ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಅಪಾಯ. ದ್ವಾರಕೆಯ ಕಡಲಿನಲ್ಲಿ ಸೆಳೆತ ಬಲವಾದುದು. ಕದಡಿದ ನೀರಿನಲ್ಲಿ ನೋಟ ದೂರ ಹರಿಯದು. ಮಳೆಗಾಲದಲ್ಲಿ ಇಳಿಯುವಂತೆಯೇ ಇಲ್ಲ. ನೆಲದ ಮೇಲೆ ಗುದ್ದಲಿ ಮಾಡುವ ಕೆಲಸವನ್ನು ಅಲ್ಲಿ ಗಾಳಿಕೊಳವೆ ಮಾಡಬೇಕು. ಕೊಳವೆಯ ಕೆಳತುದಿಗೆ ಗಾಳಿಯನ್ನು ಹಾಯಿಸಿದರೆ, ಅದು ಮೇಲೇರುವಾಗ ಮರಳನ್ನು ಸೆಳೆದೊಯ್ಯುತ್ತದೆ. ದೊರೆತ ವಸ್ತುವನ್ನು ಕಂಡೊಡನೆ ಎತ್ತಿ ತರುವಂತಿಲ್ಲ. ಅದಿರುವ ಸ್ಥಾನವನ್ನು ಅಳೆದು, ಬರೆದು, ಚಿತ್ರ ತೆಗೆದ ಮೇಲೆಯೇ ಅದನ್ನು ಮುಟ್ಟಬೇಕು. ಉಪ್ಪುನೀರಿನಿಂದ ತಂದ ಮರವನ್ನೂ ಕಬ್ಬಿಣವನ್ನೂ ಹಾಗೆಯೇ ಒಣಗಲು ಬಿಟ್ಟರೆ ಹಾಳಾಗುತ್ತವೆ. ಬಹುದಿನ ಸಿಹಿನೀರಿನಲ್ಲಿಟ್ಟು ಉಪ್ಪನ್ನು ಕಳೆಯಬೇಕು.

ಇಂತಹ ಕಾರ್ಯದಲ್ಲಿ ರಾಯರ ತಂಡವು 1983ರಿಂದ 1990ರವರೆಗೆ ದ್ವಾರಕೆಯ ಕಡಲಿನಲ್ಲಿ ಶ್ರಮಿಸಿತು. ಕೆತ್ತಿದ ಕಲ್ಲುಗಳು, ಅರ್ಧವೃತ್ತಾಕಾರದ ಕಟ್ಟಡದ ಭಾಗಗಳು, ಮೂರು ರಂಧ್ರಗಳುಳ್ಳ ತ್ರಿಕೋನಾಕಾರದ ಕಲ್ಲಿನ ಲಂಗರುಗಳು ಕಂಡುಬಂದವು. ಸಮೀಪದ ಬೇಟ್ ದ್ವಾರಕೆಯಲ್ಲಿ ಮೂರು ತಲೆಯ ಪ್ರಾಣಿಯನ್ನು ಕೆತ್ತಿದ ಶಂಖದ ಮುದ್ರೆಯೊಂದು ದೊರೆಯಿತು. ಇವೆಲ್ಲವನ್ನೂ ಕೂಡಿಸಿ ನೋಡಿದ ರಾಯರು, ಮಹಾಭಾರತದಲ್ಲಿ ವರ್ಣಿತವಾದ ದ್ವಾರಕೆಯೇ ಇದೆಂದು ನಿರ್ಣಯಿಸಿದರು.

ಇಲ್ಲಿ ನಾವು ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಆ ನಿರ್ಣಯವನ್ನು ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ. ಆ ಬಗೆಯ ಲಂಗರುಗಳು ಬಹು ಈಚಿನ ಶತಮಾನಗಳವರೆಗೂ ಬಳಕೆಯಲ್ಲಿದ್ದವು. ಕಡಲ ತಳದ ಕಲ್ಲು ತನ್ನ ವಯಸ್ಸನ್ನು ತಾನೇ ಹೇಳಲಾರದು. ಆದುದರಿಂದ ಅಲ್ಲಿಯ ಅವಶೇಷಗಳಲ್ಲಿ ಹೆಚ್ಚಿನವು ಐತಿಹಾಸಿಕ ಕಾಲದ ಬಂದರಿನವೆಂದು ಮುಂದಿನ ಸಂಶೋಧಕರು ಬರೆದರು. 1982ರಲ್ಲಿ ಸಿಂಧೂ ಲಿಪಿಯನ್ನು ಓದಿದೆನೆಂದು ರಾಯರು ಪ್ರಕಟಿಸಿದ ಗ್ರಂಥಕ್ಕೂ ವಿದ್ವಾಂಸರ ಸಮ್ಮತಿ ದೊರೆಯಲಿಲ್ಲ. ಮಹನೀಯರ ಜೀವನವನ್ನು ಬರೆಯುವಾಗ ಇಂತಹ ಸಂಗತಿಗಳನ್ನು ಬಿಡುವುದೇ ವಾಡಿಕೆ. ಆದರೆ ಪ್ರಶ್ನೆ ಕೇಳಿದ ಬಾಲಕನಿಗೆ ಅರ್ಧ ಉತ್ತರವನ್ನು ಕೊಡುವುದು ಗುರುವಿಗೆ ಭೂಷಣವಲ್ಲ. ನಂಬಿಕೆ ಬೇರೆ, ಪ್ರಮಾಣ ಬೇರೆ. ರಾಯರ ಮಾತನ್ನು ಒರೆಗೆ ಹಚ್ಚಿ ನೋಡಿದವರಲ್ಲಿ ಅವರು ಕಟ್ಟಿದ ಕೇಂದ್ರದ ಸಂಶೋಧಕರೂ ಇದ್ದರು. ಗುರುವಿನ ನಿರ್ಣಯವನ್ನು ಪ್ರಶ್ನಿಸಬಲ್ಲ ಶಿಷ್ಯರನ್ನು ಸಿದ್ಧಗೊಳಿಸಿದ ವಿದ್ಯಾಸಂಸ್ಥೆಗೆ ಅದು ಕುಂದಲ್ಲ, ಕೀರ್ತಿಯೇ ಸರಿ.

ಆ ಕೇಂದ್ರದವರು ಗೋವೆಯ ಕಡಲಿನಲ್ಲಿ ಮುಳುಗಿದ ಹಡಗುಗಳನ್ನೂ ಶೋಧಿಸಿದರು. ಸುಂಚಿ ಎಂಬ ಬಂಡೆಸಾಲಿನ ಬಳಿ 17ನೆಯ ಶತಮಾನದ ಪೋರ್ಚುಗೀಜ್ ಹಡಗೊಂದರ ಅವಶೇಷಗಳು ದೊರೆತವು. ಫಿರಂಗಿಗಳು, ಆನೆಯ ದಂತಗಳು, ನೀರಾನೆಯ ಹಲ್ಲುಗಳು, ಚೀನದ ಪಿಂಗಾಣಿಯ ಚೂರುಗಳು, ಬರ್ಮಾ ದೇಶದ ಮಾರ್ತಬಾನ್ ಬಂದರಿನ ಹೆಸರುಳ್ಳ ಜಾಡಿಗಳ ತುಂಡುಗಳು ಅದರಲ್ಲಿದ್ದವು. ನೀರಾನೆ ನಮ್ಮ ದೇಶದ ಪ್ರಾಣಿಯಲ್ಲ, ಆಫ್ರಿಕದ್ದು, ಪಿಂಗಾಣಿ ಚೀನದ್ದು. ಒಂದು ಮಹಾಸಾಗರದ ಎರಡು ಕೊನೆಗಳ ಸರಕು ಒಂದೇ ಒಡಲಿನಲ್ಲಿ ಕೂಡಿದ್ದುದನ್ನು ಆ ಹಡಗು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಾಪಾಡಿಕೊಂಡು ಬಂದಿದ್ದಿತು.

ಮತ್ತೊಂದು ಹಡಗಿನ ಕಥೆ ನಮ್ಮ ಮನಸ್ಸನ್ನು ಇನ್ನೂ ಹೆಚ್ಚಾಗಿ ಸೆಳೆಯಿತು. ಗೋವೆಯದೇ ಆದ ಸೇಂಟ್ ಜಾರ್ಜ್ ಬಂಡೆಸಾಲಿನ ಬಳಿ ಮುಳುಗಿದ ಹಡಗಿನಲ್ಲಿ ಸುಟ್ಟ ಮಣ್ಣಿನ ಹಂಚುಗಳೂ, ಕಂಬದ ಬೋದಿಗೆಗಳೂ, ಹೊಗೆಗೂಡಿನ ಇಟ್ಟಿಗೆಗಳೂ ದೊರೆತವು. ಅವುಗಳ ಮೇಲೆ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯ ಹೆಸರೂ 1865 ಎಂಬ ಇಸವಿಯೂ ಅಚ್ಚೊತ್ತಿದ್ದವು. ಆ ಕಾರ್ಖಾನೆಯು ಮಂಗಳೂರಿನಲ್ಲಿ ಸ್ಥಾಪಿತವಾದ ವರ್ಷವೇ 1865. ಹುಟ್ಟೂರಿನಲ್ಲಿ ನಮ್ಮ ಮನೆಯ ಮಾಡಿಗೆ ಹೊದಿಸಿದ್ದುದೂ ಮಂಗಳೂರು ಹಂಚೇ. ಮಳೆಗಾಲದ ಮುನ್ನ ಒಡೆದ ಹಂಚುಗಳನ್ನು ಬದಲಾಯಿಸುವಾಗ ಕೆಳಗಿನಿಂದ ಎತ್ತಿಕೊಡುವುದು ಬಾಲ್ಯದಲ್ಲಿ ನಮ್ಮ ಪಾಲಿನ ಕೆಲಸವಾಗಿದ್ದಿತು. ಅಂತಹ ಹಂಚು ನಾಡನ್ನು ಬಿಟ್ಟು ಹೊರಟು, ಎಲ್ಲಿಗೋ ಸೇರಬೇಕಾದುದು ನಡುದಾರಿಯಲ್ಲಿ ಮುಳುಗಿ, ಎಷ್ಟೋ ಮಳೆಗಾಲಗಳನ್ನು ಉಪ್ಪುನೀರಿನಲ್ಲಿ ಕಳೆದಿದ್ದರೂ ತನ್ನ ಮೈಮೇಲಿನ ಅಕ್ಷರವನ್ನು ಕಳೆದುಕೊಂಡಿರಲಿಲ್ಲ. ಹೊಟ್ಟೆಪಾಡಿಗಾಗಿ ನಾಡನ್ನು ಬಿಟ್ಟು ಬಂದ ನಮ್ಮಂತಹವರಿಗೆ ಅದು ಬರಿಯ ಹಂಚಾಗಿ ತೋರಲಿಲ್ಲ.

ಇಂತಹ ಅವಶೇಷಗಳು ಎಲ್ಲರ ಆಸ್ತಿ. ಕುತೂಹಲಕ್ಕಾಗಿಯೋ ಹಣಕ್ಕಾಗಿಯೋ ಕಿತ್ತು ತರುವಂತಹವಲ್ಲ. 2001ರಲ್ಲಿ ಯುನೆಸ್ಕೋ ಸಂಸ್ಥೆಯು ಅಂಗೀಕರಿಸಿದ ಒಪ್ಪಂದವು, ಸಾಧ್ಯವಾದಲ್ಲಿ ಅವನ್ನು ಇದ್ದಲ್ಲಿಯೇ ರಕ್ಷಿಸಬೇಕೆಂದು ವಿಧಿಸುತ್ತದೆ. ದ್ವಾರಕೆಯಲ್ಲಿ ನೀರಿನೊಳಗೇ ವಸ್ತುಸಂಗ್ರಹಾಲಯವಾಗಬೇಕೆಂದು ರಾಯರು ಅದಕ್ಕೆ ಬಹು ಮುಂಚೆಯೇ ಯೋಜನೆಯನ್ನು ಮುಂದಿಟ್ಟಿದ್ದರು.

ರಾಯರಿಗೆ ಜವಾಹರಲಾಲ್ ನೆಹರೂ ಫೆಲೋಷಿಪ್ ದೊರೆಯಿತು. ತಾವು ಓದಿದ ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಿ.ಲಿಟ್. ಪದವಿಯನ್ನಿತ್ತು ಸನ್ಮಾನಿಸಿತು. ಲೋಥಲ್, ದ್ವಾರಕೆಗಳನ್ನು ಕುರಿತ ಅವರ ಗ್ರಂಥಗಳನ್ನು ಒಪ್ಪುವವರೂ ಒಪ್ಪದವರೂ ಇಂದಿಗೂ ಓದಲೇಬೇಕಾಗಿದೆ. 2013ನೆಯ ಇಸವಿ ಜನವರಿ 3ರಂದು, 90 ವರ್ಷಗಳ ತುಂಬು ಬಾಳನ್ನು ಬಾಳಿ, ಅವರು ಕೀರ್ತಿಶೇಷರಾದರು. ಅವರು ಅಗಲಿದರೂ ಕೆಲಸ ನಿಲ್ಲಲಿಲ್ಲ. 2025ರ ಫೆಬ್ರವರಿಯಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಂಡವು ದ್ವಾರಕೆಯ ಕಡಲಿಗೆ ಮತ್ತೆ ಇಳಿಯಿತು. ರಾಯರು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಹುಡುಕಲಾಗುತ್ತಿದೆ.

ವಿದ್ಯಾರ್ಥಿಗಳೇ, ರಂಗನಾಥರಾಯರು ತಮ್ಮ ಮಹತ್ಕಾರ್ಯವನ್ನು ಎಸಗಿದುದು ಹುಟ್ಟುನಾಡಿನಲ್ಲಲ್ಲ. ಅನ್ಯಭಾಷೆಯ ನೆಲದಲ್ಲಿ ನಿಂತು, ಆ ನೆಲದ ಕಥೆಯನ್ನು ಆ ಜನರಿಗೂ ಜಗತ್ತಿಗೂ ತಿಳಿಸಿಕೊಟ್ಟರು. ನಾವಿರುವ ಊರು ನಮ್ಮದಲ್ಲವೆಂದು ಕೊರಗುವವರಿಗೆ ಇದರಲ್ಲಿ ಪಾಠವುಂಟು. ಕಾಲ ಮೀರಿತೆನ್ನುವವರಿಗೂ ಪಾಠವುಂಟು. ಅವರು ಕಡಲಿನ ಕಡೆಗೆ ತಿರುಗಿದುದು ನಿವೃತ್ತರಾದ ಮೇಲೆ.

ನಮಗೆ ಪ್ರಶ್ನೆ ಹಾಕಿದ ಬಾಲಕನು ಈಗ ಎಂಟನೆಯ ತರಗತಿಯಲ್ಲಿದ್ದಾನೆ. ನಮ್ಮ ಉತ್ತರ ಒಂದು ವರ್ಷ ತಡವಾಗಿ ಬಂದಿದೆ. ಇದನ್ನು ಓದಿದ ಮೇಲೆ ಅವನು ಮತ್ತೊಂದು ಪ್ರಶ್ನೆಯನ್ನು ಕೇಳುವನೆಂದು ನಾವು ನಂಬಿದ್ದೇವೆ. ಈ ಸಲ ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಅವನೊಡನೆ ಕುಳಿತು ಹುಡುಕುವೆವು.