ಲ್ಯಾರಿ ಲೆವಾನ್: ಗ್ಯಾರೇಜಿನಲ್ಲಿ ಹುಟ್ಟಿದ ರಾತ್ರಿ, ಸಿಡಿಯಲ್ಲಿ ಮಾರಾಟವಾದ ಸಂಗೀತ

2000ನೇ ಇಸವಿಯಲ್ಲಿ ಸ್ಟ್ರಟ್ ಎಂಬ ಬ್ರಿಟಿಷ್ ಕಂಪನಿ 'ಲೈವ್ ಅಟ್ ದಿ ಪ್ಯಾರಡೈಸ್ ಗ್ಯಾರೇಜ್' ಎಂಬ ಆಲ್ಬಂ ಹೊರತಂದಿತು. ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ 1979ರಲ್ಲಿ ಲ್ಯಾರಿ ಲೆವಾನ್ ಎಂಬ ಡಿಜೆ ಹಾಕಿದ ಹಾಡುಗಳ ರೆಕಾರ್ಡಿಂಗ್ ಅದು. ಆಲ್ಬಂ ಬರುವಷ್ಟರಲ್ಲಿ ಆ ಕ್ಲಬ್ ಮುಚ್ಚಿ 13 ವರ್ಷ, ಆ ಡಿಜೆ ಸತ್ತು 8 ವರ್ಷ ಆಗಿತ್ತು.

ಡಾನ್ಸ್ ಮ್ಯೂಸಿಕ್ ಅಭಿಮಾನಿಗಳಲ್ಲಿ ಈ ಆಲ್ಬಂ ಬಗ್ಗೆ ಇವತ್ತಿಗೂ ಎರಡು ಪಂಗಡ ಇದೆ. ಆ ಕ್ಲಬ್ಬಿಗೆ ಹೋಗಿದ್ದವರು, ಅಲ್ಲಿ ಕೇಳಿದ್ದರ ಕಾಲು ಭಾಗವೂ ಸಿಡಿಯಲ್ಲಿ ಇಲ್ಲ ಅಂತಾರೆ. ಆಗ ಹುಟ್ಟಿಯೇ ಇರದವರು, ನಮಗೆ ಸಿಕ್ಕಿರುವುದು ಇಷ್ಟೇ, ಇದನ್ನೂ ಕಿತ್ತುಕೊಳ್ಳಬೇಡಿ ಅಂತಾರೆ. ಒಂದು ಹಾಡಿನಿಂದ ಇನ್ನೊಂದಕ್ಕೆ ನುಣುಪಾಗಿ ಜಾರುವ ಇಂದಿನ ಮಿಕ್ಸ್ ಕೇಳಿ ಬೆಳೆದವರಿಗಂತೂ ಲೆವಾನ್ ಶೈಲಿ ಸ್ವಲ್ಪ ಒರಟಾಗಿ ಕೇಳಿಸುತ್ತದೆ. ಆತನಿಗೆ ಬೀಟ್‌ಗಳನ್ನು ಅಚ್ಚುಕಟ್ಟಾಗಿ ಜೋಡಿಸುವುದಕ್ಕಿಂತ ಹಾಡುಗಳ ಮೂಲಕ ಕತೆ ಹೇಳುವುದು ಮುಖ್ಯವಾಗಿತ್ತು.

ಮೇಲ್ನೋಟಕ್ಕೆ ಇದು ಬರೀ ರುಚಿಯ ಜಗಳ. ಆದರೆ ಲೆವಾನ್ ಬದುಕನ್ನು ಎದುರಿಗಿಟ್ಟುಕೊಂಡು ನೋಡಿದರೆ ಬೇರೆ ಪ್ರಶ್ನೆ ಏಳುತ್ತದೆ. ಕಪ್ಪು, ಲ್ಯಾಟಿನೋ, ಗೇ ಯುವಕರು ತಮಗಾಗಿ ಕಟ್ಟಿಕೊಂಡ ಒಂದು ಜಾಗದಿಂದ ಜಗತ್ತಿನ ಮಾರುಕಟ್ಟೆ ಏನನ್ನು ಎತ್ತಿಕೊಂಡಿತು, ಏನನ್ನು ಅಲ್ಲೇ ಬಿಟ್ಟುಬಂತು?

ಫಿಸಿಕ್ಸ್ ಬಲ್ಲ ಹುಡುಗ

ಲಾರೆನ್ಸ್ ಫಿಲ್ಪಾಟ್ ಹುಟ್ಟಿದ್ದು 1954ರ ಜುಲೈ 20ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಲೆವಾನ್ ಎಂಬುದು ತಾಯಿಯ ಮನೆತನದ ಹೆಸರು. ಹುಟ್ಟಿದಾಗಲೇ ಹೃದಯದಲ್ಲಿ ದೋಷವಿತ್ತು, ಜೊತೆಗೆ ಅಸ್ತಮಾ. ತರಗತಿಯಲ್ಲಿ ತಲೆಸುತ್ತಿ ಬೀಳುತ್ತಿದ್ದ. ಬ್ಲೂಸ್, ಜಾಝ್, ಗಾಸ್ಪೆಲ್ ಅಂದರೆ ತಾಯಿಗೆ ಪ್ರಾಣ, ಮಗನಿಗೂ ಅದೇ ಹುಚ್ಚು ಹತ್ತಿತು. ಶಾಲೆಯಲ್ಲಿ ಗಣಿತ, ಭೌತಶಾಸ್ತ್ರದಲ್ಲಿ ಚುರುಕು. ಏನಾದರೂ ಹೊಸದು ಕಂಡುಹಿಡಿಯುತ್ತಾನೆ ಅಂತ ಮೇಷ್ಟ್ರುಗಳು ಅಂದುಕೊಂಡಿದ್ದರಂತೆ. ಸಹಪಾಠಿಗಳು ಮಾತ್ರ ಕಿತ್ತಳೆ ಬಣ್ಣ ಹಚ್ಚಿದ ಅವನ ಕೂದಲು ನೋಡಿ ಕಾಡುತ್ತಿದ್ದರು. ಓದು ಅರ್ಧಕ್ಕೇ ನಿಂತಿತು.

ಅವನನ್ನು ಸೇರಿಸಿಕೊಂಡದ್ದು ಹಾರ್ಲೆಮ್‌ನ ಬಾಲ್‌ರೂಮ್ ಲೋಕ. ಕಪ್ಪು ಮತ್ತು ಲ್ಯಾಟಿನೋ ಗೇ, ಟ್ರಾನ್ಸ್ ಜನ ಬಟ್ಟೆ ತೊಟ್ಟು, ನಡೆದು, ಸ್ಪರ್ಧಿಸುತ್ತಿದ್ದ ಲೋಕ ಅದು. ಲೆವಾನ್ ಅಲ್ಲಿ ಉಡುಪುಗಳಿಗೆ ಮಣಿ ಪೋಣಿಸುವ, ಹೊಲಿಯುವ ಕೆಲಸ ಮಾಡಿದ. ಅಲ್ಲೇ ಸಿಕ್ಕಿದವನು ಫ್ರಾಂಕಿ ನಕಲ್ಸ್, ಜೀವಮಾನದ ಗೆಳೆಯ. ಇಬ್ಬರೂ ಸೇರಿ ಡೇವಿಡ್ ಮಂಕೂಸೊನ 'ಲಾಫ್ಟ್', ನಿಕಿ ಸಿಯಾನೊನ 'ಗ್ಯಾಲರಿ' ಸುತ್ತಿದರು. ಮಂಕೂಸೊ ತನ್ನ ಮನೆಯಲ್ಲೇ ಆಹ್ವಾನಿತರಿಗಾಗಿ ಪಾರ್ಟಿ ನಡೆಸುತ್ತಿದ್ದ. ಮದ್ಯ ಮಾರುತ್ತಿರಲಿಲ್ಲ, ಸೌಂಡ್ ಮಾತ್ರ ಅತ್ಯುತ್ತಮವಾಗಿ ಇರಲೇಬೇಕಿತ್ತು. ಗಂಡಸರು ಗಂಡಸರ ಜೊತೆ ಕುಣಿದರೆ ಪೊಲೀಸರು ಎಳೆದೊಯ್ಯಬಹುದಾಗಿದ್ದ ಕಾಲ ಇನ್ನೂ ಹಳತಾಗಿರಲಿಲ್ಲ. ಸ್ಟೋನ್‌ವಾಲ್ ದಂಗೆ ನಡೆದಿದ್ದು 1969ರಲ್ಲಿ, ಅಂದರೆ ಮೊನ್ನೆ ಮೊನ್ನೆ ಎಂಬಂತೆ.

ಮುಂದೆ ಕಾಂಟಿನೆಂಟಲ್ ಬಾತ್ಸ್ ಎಂಬ ಗೇ ಸ್ನಾನಗೃಹದಲ್ಲಿ ಲೆವಾನ್‌ಗೆ ಲೈಟು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿನ ಡಿಜೆ ಕೆಲಸ ಬಿಟ್ಟಾಗ ಆ ಜಾಗಕ್ಕೆ ಇವನು ಹತ್ತಿದ. ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಷಿಕಾಗೋದ 'ವೇರ್‌ಹೌಸ್' ಕ್ಲಬ್ಬಿನವರು ಮೊದಲು ಕರೆದದ್ದು ಲೆವಾನ್‌ನನ್ನೇ. ಅವನು ನ್ಯೂಯಾರ್ಕ್ ಬಿಡಲು ಒಪ್ಪಲಿಲ್ಲ. 1977ರಲ್ಲಿ ನಕಲ್ಸ್ ಹೋದ. ಆ ವೇರ್‌ಹೌಸ್ ಹೆಸರಿನಿಂದಲೇ 'ಹೌಸ್' ಎಂಬ ಸಂಗೀತ ಪ್ರಕಾರ ಹುಟ್ಟಿತು. ಲೆವಾನ್ ಉಳಿದುಕೊಂಡ ಜಾಗದಿಂದ 'ಗರಾಜ್' ಎಂಬ ಇನ್ನೊಂದು ಪ್ರಕಾರಕ್ಕೆ ಹೆಸರು ಬಂತು. ಒಟ್ಟಿಗೆ ಮಣಿ ಪೋಣಿಸುತ್ತಿದ್ದ ಇಬ್ಬರು ಗೆಳೆಯರು ಕೆಲಸ ಮಾಡಿದ ಎರಡು ಕೋಣೆಗಳ ಹೆಸರು ಇವತ್ತು ಜಗತ್ತಿನ ಡಾನ್ಸ್ ಸಂಗೀತದ ಎರಡು ದೊಡ್ಡ ವಂಶಗಳ ಹೆಸರು.

84, ಕಿಂಗ್ ಸ್ಟ್ರೀಟ್

ಮ್ಯಾನ್‌ಹಾಟನ್‌ನ 84, ಕಿಂಗ್ ಸ್ಟ್ರೀಟ್ ವಿಳಾಸದಲ್ಲಿದ್ದದ್ದು ನಿಜಕ್ಕೂ ವಾಹನ ನಿಲ್ಲಿಸುವ ಗ್ಯಾರೇಜು. ಮೈಕಲ್ ಬ್ರೋಡಿ ಅದನ್ನು ಕ್ಲಬ್ ಮಾಡಲು ಹೊರಟ, ವೆಸ್ಟ್ ಎಂಡ್ ರೆಕಾರ್ಡ್ಸ್‌ನ ಮೆಲ್ ಶೆರೆನ್ ಹಣದ ನೆರವು ಕೊಟ್ಟ. 1977ರಲ್ಲಿ ಕಟ್ಟಡದ ಕೆಲಸ ನಡೆಯುತ್ತಿರುವಾಗಲೇ ಪಾರ್ಟಿಗಳು ಶುರುವಾದವು. 1978ರ ಜನವರಿಯಲ್ಲಿ ಅಧಿಕೃತ ಉದ್ಘಾಟನೆ. ಆ ರಾತ್ರಿ ಹಿಮಬಿರುಗಾಳಿಯಿಂದಾಗಿ ಸೌಂಡ್ ಉಪಕರಣಗಳು ಸಮಯಕ್ಕೆ ತಲುಪಲಿಲ್ಲ. ಹೊರಗೆ ಕೊರೆಯುವ ಚಳಿಯಲ್ಲಿ ಕಾದು ಕಾದು ಸಿಟ್ಟಾದ ಶ್ರೀಮಂತ ಬಿಳಿಯ ಗೇ ಗಿರಾಕಿಗಳಲ್ಲಿ ಎಷ್ಟೋ ಜನ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಉಳಿದವರು ಲೆವಾನ್‌ನ ಜನ: ಕಪ್ಪು, ಲ್ಯಾಟಿನೋ, ಬಹುಪಾಲು ಗೇ, ಬಹುಪಾಲು ದುಡಿದು ತಿನ್ನುವವರು. ಸೋತ ಉದ್ಘಾಟನೆಯೇ ಆ ಕ್ಲಬ್ಬಿನ ಸ್ವಭಾವವನ್ನು ತೀರ್ಮಾನಿಸಿಬಿಟ್ಟಿತು.

ಒಳಗೆ ಹೋಗಲು ಮೆಂಬರ್‌ಶಿಪ್ ಬೇಕಿತ್ತು. ಶನಿವಾರ ಮುಖ್ಯವಾಗಿ ಗೇ ಸದಸ್ಯರಿಗೆ, ಶುಕ್ರವಾರ ಎಲ್ಲ ಬಗೆಯ ಜನಕ್ಕೆ. ಇಲ್ಲೂ ಮದ್ಯ ಮಾರುವಂತಿಲ್ಲ. ಇದರ ಹಿಂದೆ ಸರಳ ಲೆಕ್ಕಾಚಾರವಿತ್ತು. ಮದ್ಯದ ಲೈಸೆನ್ಸ್ ಇದ್ದರೆ ಸರ್ಕಾರ ಹೇಳಿದ ಹೊತ್ತಿಗೆ ಬಾಗಿಲು ಹಾಕಬೇಕು, ಇಲ್ಲದಿದ್ದರೆ ಬೆಳಗಿನವರೆಗೂ, ಬೆಳಗಾದ ಮೇಲೂ ಕುಣಿಯಬಹುದು. ಬಂದವರಿಗೆ ಹಣ್ಣು, ಪಾನೀಯ ಉಚಿತ. ಬಾರ್ ಮಾರಾಟ ಏರಿಸಲು ಹಾಡು ಹಾಕುವ ಒತ್ತಡ ಡಿಜೆಗೆ ಇರಲಿಲ್ಲ.

ಎಂಜಿನಿಯರಿಂಗ್ ಓದಿದ ನನ್ನಂಥವನಿಗೆ ಲೆವಾನ್ ಇನ್ನಷ್ಟು ಹತ್ತಿರವಾಗುವುದು ಈ ಹಂತದಲ್ಲಿ. ರಿಚರ್ಡ್ ಲಾಂಗ್ ಎಂಬ ಸೌಂಡ್ ತಜ್ಞನ ಜೊತೆ ಸೇರಿ ಅವನು ಆ ಕೋಣೆಯನ್ನೇ ಒಂದು ವಾದ್ಯ ಮಾಡಿದ. ಕೆಳ ಆವರ್ತನದ ಸದ್ದಿಗಾಗಿ ಲಾಂಗ್ ಮಾಡಿದ ದೈತ್ಯ ಸ್ಪೀಕರ್‌ಗಳಿಗೆ 'ಲೆವಾನ್ ಹಾರ್ನ್' ಎಂದೇ ಹೆಸರು. ಆ ಬೇಸ್ ಕಿವಿಗಿಂತ ಮೊದಲು ಎದೆಗೆ ತಟ್ಟುತ್ತಿತ್ತು. ಲೆವಾನ್ ಸ್ಪೀಕರ್‌ಗಳ ಜಾಗವನ್ನು ಪದೇ ಪದೇ ಬದಲಿಸುತ್ತಿದ್ದ. ರಾತ್ರಿಯ ಆರಂಭದಲ್ಲಿ ಸಾಧಾರಣ ಕಾರ್ಟ್ರಿಜ್ ಬಳಸಿ, ಹೊತ್ತು ಏರಿದಂತೆ ಹೆಚ್ಚು ಬೆಲೆಯ, ಹೆಚ್ಚು ಸೂಕ್ಷ್ಮದ ಕಾರ್ಟ್ರಿಜ್‌ಗೆ ಬದಲಾಗುತ್ತಿದ್ದ ಎಂದು ಅವನನ್ನು ಬಲ್ಲವರು ನೆನೆಯುತ್ತಾರೆ. ಕುಣಿಯುವವರಿಗೆ ಏನು ಬದಲಾಯಿತೆಂದು ಗೊತ್ತಾಗುತ್ತಿರಲಿಲ್ಲ. ಬೆಳಗಿನ ಜಾವದ ಹೊತ್ತಿಗೆ ಸದ್ದು ಇದ್ದಕ್ಕಿದ್ದಂತೆ ತಿಳಿಯಾದಂತೆ ಅನಿಸುತ್ತಿತ್ತು, ಅಷ್ಟೇ. ಒಮ್ಮೊಮ್ಮೆ ಪಾರ್ಟಿ ಮಧ್ಯೆ ಏಣಿ ಹತ್ತಿ ಕನ್ನಡಿ ಗೋಲ ಒರೆಸುತ್ತಿದ್ದನಂತೆ, ಜನ ಕಾಯುತ್ತಿದ್ದರಂತೆ. ಸಿಡಿಯಲ್ಲಿ ಹಿಡಿಸದು ಎಂದು ಹಳಬರು ಹೇಳುವುದು ಇದನ್ನೆಲ್ಲ.

ಡಿಸ್ಕೋ ಸುಟ್ಟವರು, ಗ್ಯಾರೇಜು ಉಳಿಸಿದವರು

1979ರ ಜುಲೈ 12. ಷಿಕಾಗೋದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳ ರಾಶಿಯನ್ನು ಸ್ಫೋಟಿಸಲಾಯಿತು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು. ಒಂದು ರೇಡಿಯೊ ಪ್ರಚಾರದ ತಮಾಷೆ ಎಂದು ಶುರುವಾದ ಈ ಸಿಟ್ಟು ಕಪ್ಪು ಜನರ, ಗೇ ಜನರ ಸಂಗೀತದ ಮೇಲೆಯೇ ತಿರುಗಿದ್ದು ಏಕೆ ಅಂತ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ರೆಕಾರ್ಡ್ ಕಂಪನಿಗಳು ಬೇಗನೆ ಡಿಸ್ಕೋದಿಂದ ಕೈ ತೊಳೆದುಕೊಂಡವು.

ಕಿಂಗ್ ಸ್ಟ್ರೀಟಿನಲ್ಲಿ ಯಾರೂ ಕುಣಿಯುವುದನ್ನು ನಿಲ್ಲಿಸಲಿಲ್ಲ. ಲೆವಾನ್ ಡಿಸ್ಕೋ ಜೊತೆಗೆ ರಾಕ್, ರೆಗೆ, ಎಲೆಕ್ಟ್ರಾನಿಕ್ ಎಲ್ಲವನ್ನೂ ಬೆರೆಸಿದ. ಅಷ್ಟರಲ್ಲಿ ರೀಮಿಕ್ಸ್ ಕೆಲಸಕ್ಕೂ ಕೈ ಹಾಕಿದ್ದ. ಅವನ ಆರಂಭದ ರೀಮಿಕ್ಸ್‌ಗಳಲ್ಲಿ ಒಂದು, ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್'ನ ಕುಕಿ ಮಾನ್‌ಸ್ಟರ್ ಹಾಡಿನದ್ದು! 1981ರಲ್ಲಿ ಟಾನಾ ಗಾರ್ಡ್‌ನರ್ ಹಾಡಿದ 'ಹಾರ್ಟ್‌ಬೀಟ್' ಅನ್ನು ಮಿಕ್ಸ್ ಮಾಡಿದ. ಡಿಸ್ಕೋದ ಬಡಿತ ನಿಮಿಷಕ್ಕೆ 120ರ ಆಸುಪಾಸು ಇದ್ದರೆ ಇದರದ್ದು 100ರ ಸುತ್ತಮುತ್ತ. ಮೊದಲ ಸಲ ಹಾಕಿದಾಗ ಜನ ಕುಣಿಯುವುದನ್ನು ಬಿಟ್ಟು ತಿಂಡಿ ಕಡೆ ನಡೆದರು ಎಂಬ ಕತೆ ಇದೆ. ಲೆವಾನ್ ಹಟ ಬಿಡದೆ ಮತ್ತೆ ಮತ್ತೆ ಹಾಕಿದ. ಕೆಲವು ವಾರಗಳಲ್ಲಿ ಅದೇ ಹಾಡಿಗೆ ಜನ ಓಡಿ ಬರತೊಡಗಿದರು. 1982ರಲ್ಲಿ ಪೀಚ್ ಬಾಯ್ಸ್ ತಂಡದ ಜೊತೆ ಮಾಡಿದ 'ಡೋಂಟ್ ಮೇಕ್ ಮಿ ವೇಟ್' ಮುಂದಿನ ಹೌಸ್ ಸಂಗೀತಕ್ಕೆ ದಾರಿ ತೋರಿದ ಹಾಡುಗಳಲ್ಲಿ ಒಂದು.

ಡಬ್ಲ್ಯುಬಿಎಲ್‌ಎಸ್ ರೇಡಿಯೊದ ಫ್ರಾಂಕಿ ಕ್ರಾಕರ್ ಗ್ಯಾರೇಜಿಗೆ ಬಂದು ಕೇಳಿಸಿಕೊಂಡು ಹೋಗಿ ಅದೇ ಹಾಡುಗಳನ್ನು ಊರಿಗೆಲ್ಲ ಕೇಳಿಸುತ್ತಿದ್ದ. ಹತ್ತಿರದ 'ವಿನೈಲ್ ಮೇನಿಯಾ' ಅಂಗಡಿಗೆ ಕ್ಲಬ್ಬಿನಿಂದ ನೇರ ಬಂದ ಜನ, ರಾತ್ರಿ ಕೇಳಿದ ಹಾಡು ಯಾವುದು ಅಂತ ಹುಡುಕುತ್ತಿದ್ದರು. ಒಂದು ಕೋಣೆಯ ಕುಣಿತ ಒಂದು ನಗರದ ಮಾರುಕಟ್ಟೆಯನ್ನು ನಡೆಸಿದ ರೀತಿ ಇದು.

ಸಾವು ಬಾಗಿಲಿಗೆ ಬಂದಾಗ

1981ರ ಜೂನ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಒಂದು ವಿಚಿತ್ರ ಕಾಯಿಲೆಯ ಬಗ್ಗೆ ಮೊದಲ ವರದಿ ಪ್ರಕಟಿಸಿತು. ಮುಂದೆ ಅದಕ್ಕೆ ಏಡ್ಸ್ ಎಂಬ ಹೆಸರು ಬಂತು. ಅಧ್ಯಕ್ಷ ರೊನಾಲ್ಡ್ ರೇಗನ್ ಈ ಬಗ್ಗೆ ಸಾರ್ವಜನಿಕವಾಗಿ ಬಾಯಿ ಬಿಟ್ಟಿದ್ದು 1985ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ, 1982ರ ಏಪ್ರಿಲ್‌ನಲ್ಲಿ, 'ಗೇ ಮೆನ್ಸ್ ಹೆಲ್ತ್ ಕ್ರೈಸಿಸ್' ಎಂಬ ಹೊಸ ಸಂಘಟನೆಯ ಮೊದಲ ದೊಡ್ಡ ನಿಧಿ ಸಂಗ್ರಹ ಕಾರ್ಯಕ್ರಮ ನಡೆದದ್ದು ಪ್ಯಾರಡೈಸ್ ಗ್ಯಾರೇಜಿನಲ್ಲಿ. ಸಂಘಟನೆಯ ಮೊದಲ ಕಚೇರಿಗೆ ಜಾಗ ಕೊಟ್ಟದ್ದು ಮೆಲ್ ಶೆರೆನ್. ಕ್ಲಬ್ ಅಂದರೆ ಮೋಜು, ರಾಜಕೀಯ ಅಂದರೆ ಬೀದಿ ಅಂತ ಗೆರೆ ಎಳೆಯುವವರು ಈ ಒಂದು ದಿನಾಂಕವನ್ನು ನೆನಪಿಡಬೇಕು. ಸರ್ಕಾರ ಕಣ್ಣು ಮುಚ್ಚಿದ್ದಾಗ ಒಟ್ಟು ಸೇರಲು ಒಂದು ಕೋಣೆ ಮೊದಲೇ ಇದ್ದದ್ದರಿಂದಲೇ ಅವರು ಅಷ್ಟು ಬೇಗ ಒಟ್ಟು ಸೇರಿದರು.

ಗ್ಯಾರೇಜಿನ ಲೀಸ್ 1987ಕ್ಕೆ ಮುಗಿಯಿತು. ಬ್ರೋಡಿ ಸ್ವತಃ ಏಡ್ಸ್‌ನಿಂದ ಹಾಸಿಗೆ ಹಿಡಿದಿದ್ದ. ಸೆಪ್ಟೆಂಬರ್ ಕೊನೆಯ ವಾರಾಂತ್ಯದ ಪಾರ್ಟಿ ಎರಡು ದಿನ ನಡೆಯಿತು. ಡಿಸೆಂಬರ್‌ನಲ್ಲಿ ಬ್ರೋಡಿ ತೀರಿಕೊಂಡ. ಆ ಸೌಂಡ್ ಸಿಸ್ಟಂ ಲೆವಾನ್ ಕೈಗೆ ಬರಲಿಲ್ಲ. ವಾದ್ಯವನ್ನೇ ಕಳೆದುಕೊಂಡ ವಾದಕನ ಪಾಡು ಅವನದ್ದಾಯಿತು. ಹೆರಾಯಿನ್ ಚಟ ಮೊದಲೇ ಇತ್ತು, ಈಗ ಹೆಚ್ಚಿತು. ಅಲ್ಲಿ ಇಲ್ಲಿ ಡಿಜೆ ಕೆಲಸ ಮಾಡುತ್ತ, ದುಡ್ಡಿಗಾಗಿ ತನ್ನ ರೆಕಾರ್ಡುಗಳನ್ನೇ ಮಾರತೊಡಗಿದ. ಗೆಳೆಯರು ಅವನ್ನು ಕೊಂಡು ಮತ್ತೆ ಅವನಿಗೇ ತಂದುಕೊಟ್ಟದ್ದೂ ಉಂಟು.

ಲಂಡನ್ನಿನಲ್ಲಿ ಹುಟ್ಟಿದ ವ್ಯಾಪಾರ

ಗ್ಯಾರೇಜಿನಲ್ಲಿ ಕುಣಿದು ಮರುಳಾಗಿದ್ದ ಜಸ್ಟಿನ್ ಬರ್ಕ್‌ಮನ್ ಎಂಬ ಬ್ರಿಟಿಷ್ ಡಿಜೆ ಲಂಡನ್ನಿನಲ್ಲಿ ಅದೇ ಮಾದರಿಯ ಕ್ಲಬ್ ಕಟ್ಟುವ ಕನಸು ಕಂಡ. ಹಣವಂತ ಪಾಲುದಾರರು ಸಿಕ್ಕಿದರು. 1991ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಲಂಡನ್ನಿನ ಹಳೆಯ ಬಸ್ ಗ್ಯಾರೇಜೊಂದರಲ್ಲಿ 'ಮಿನಿಸ್ಟ್ರಿ ಆಫ್ ಸೌಂಡ್' ಬಾಗಿಲು ತೆರೆಯಿತು. ಆರಂಭದಲ್ಲಿ ಇಲ್ಲೂ ಮದ್ಯವಿಲ್ಲ, ಸೌಂಡೇ ಪ್ರಧಾನ. ಅದೇ ವರ್ಷ ಅತಿಥಿಯಾಗಿ ಬಂದ ಲೆವಾನ್ ಕೆಲವು ದಿನಕ್ಕೆಂದು ಬಂದವನು ತಿಂಗಳುಗಟ್ಟಲೆ ಉಳಿದು, ಅಲ್ಲಿನ ಸೌಂಡ್ ಸಿಸ್ಟಂ ಹದ ಮಾಡಿಕೊಟ್ಟ.

1993ರಲ್ಲಿ ಆ ಕ್ಲಬ್ ತನ್ನ ಮೊದಲ ಮಿಕ್ಸ್ ಕಂಪೈಲೇಷನ್ 'ಸೆಷನ್ಸ್' ತಂದಿತು. ಆಮೇಲೆ 'ದಿ ಆ್ಯನ್ಯುಅಲ್' ಎಂಬ ವಾರ್ಷಿಕ ಸರಣಿ. ಡಾನ್ಸ್ ಕಂಪೈಲೇಷನ್ ಅಂದರೆ ಮಿನಿಸ್ಟ್ರಿ ಆಫ್ ಸೌಂಡ್ ಎನ್ನುವ ಮಟ್ಟಕ್ಕೆ ಅದು ಬೆಳೆಯಿತು. ಕ್ಲಬ್ಬಿಗೆ ಒಮ್ಮೆಯೂ ಹೋಗದವರು ಕ್ಲಬ್ಬಿನ ಲೋಗೋ ಇದ್ದ ಸಿಡಿ ಕೊಂಡರು. 2016ರಲ್ಲಿ ಆ ರೆಕಾರ್ಡ್ ಲೇಬಲ್ ಅನ್ನು ಸೋನಿ ಕೊಂಡುಕೊಂಡಿತು.

ಇದನ್ನೆಲ್ಲ ನೋಡಲು ಲೆವಾನ್ ಇರಲಿಲ್ಲ. 1992ರಲ್ಲಿ ಫ್ರಾಂಸ್ವಾ ಕೆವೋರ್ಕಿಯನ್ ಜೊತೆ ಜಪಾನ್ ಪ್ರವಾಸ ಮಾಡಿದ. ತುಂಬಾ ಚೆನ್ನಾಗಿ ನುಡಿಸಿದ ಎನ್ನುತ್ತಾರೆ. ವಾಪಸ್ ಬಂದ ಕೆಲವೇ ವಾರಗಳಲ್ಲಿ, ನವೆಂಬರ್ 8ರಂದು, ಹೃದಯದ ಒಳಪದರದ ಸೋಂಕಿನಿಂದ ತೀರಿಕೊಂಡ. ವಯಸ್ಸು 38. ಹುಟ್ಟಿದಾಗ ಕೆಟ್ಟಿದ್ದ ಹೃದಯವೇ ಕೊನೆಗೂ ಕೈಕೊಟ್ಟಿತು.

ಹಾಗಾದರೆ ಆ ಸಿಡಿ?

ಅಭಿಮಾನಿಗಳ ಜಗಳಕ್ಕೆ ಬರೋಣ. ಕಂಪೈಲೇಷನ್ ಅಂದರೆ ಬರೀ ದುಡ್ಡಿನಾಟ ಅಂತ ತಳ್ಳಿಹಾಕುವುದು ಸುಲಭ. ಆದರೆ ಸ್ಟ್ರಟ್ ಆಲ್ಬಂ ಇಲ್ಲದಿದ್ದರೆ, 2006ರಲ್ಲಿ ರೈನೋ ಕಂಪನಿ ಲೆವಾನ್ ಹಾಡುಗಳನ್ನು ಒಟ್ಟುಮಾಡಿ ತಂದ 'ಜರ್ನಿ ಇನ್‌ಟು ಪ್ಯಾರಡೈಸ್' ಇಲ್ಲದಿದ್ದರೆ, ನ್ಯೂಯಾರ್ಕ್ ನೋಡದ ಒಂದು ಇಡೀ ತಲೆಮಾರಿಗೆ ಆತನ ಹೆಸರೇ ಗೊತ್ತಾಗುತ್ತಿರಲಿಲ್ಲ. ಆ ಕೋಣೆಯಲ್ಲಿದ್ದ ಎಷ್ಟೋ ಜನ ಏಡ್ಸ್‌ಗೆ ಬಲಿಯಾದರು. ನೆನಪು ಹೇಳಬೇಕಾದವರೇ ಇಲ್ಲದಾಗ ರೆಕಾರ್ಡಿಂಗೇ ಸಾಕ್ಷಿ. ಹಾಗಾಗಿ ಹೊಸಬರು ಹೇಳುವುದರಲ್ಲಿ ನ್ಯಾಯವಿದೆ.

ಹಳಬರ ಮಾತನ್ನು ಮಾತ್ರ ಬರೀ ಹಳೇ ಕಾಲದ ಹಳಹಳಿಕೆ ಅಂದುಕೊಳ್ಳಬೇಡಿ. ಹಾಡಿಗೆ ಹಕ್ಕುಪತ್ರ ಇದೆ, ಅದನ್ನು ಕೊಳ್ಳಬಹುದು. ಲೋಗೋ ಮಾರಬಹುದು. ಭಯವಿಲ್ಲದೆ ಬೆಳಗಿನವರೆಗೆ ಇರಬಹುದಾದ ಕೋಣೆಯನ್ನು ಪ್ಯಾಕ್ ಮಾಡಲು ಬರುವುದಿಲ್ಲ. ಅದಕ್ಕೆ ಬಾಡಿಗೆ ಕಟ್ಟಬೇಕು, ಲೀಸ್ ಉಳಿಯಬೇಕು, ಪೊಲೀಸರು ಸುಮ್ಮನಿರಬೇಕು, ಅಕ್ಕಪಕ್ಕದವರು ಸಹಿಸಬೇಕು. ಲೆವಾನ್‌ನ ಪ್ರತಿಭೆ ಅರಳಿದ್ದು ಹತ್ತು ವರ್ಷ ಇವೆಲ್ಲ ಹೇಗೋ ಕೂಡಿಬಂದಿದ್ದರಿಂದ. ಲೀಸ್ ಮುಗಿದ ಐದೇ ವರ್ಷಕ್ಕೆ ಅವನೂ ಮುಗಿದ.

2014ರ ಮೇ ತಿಂಗಳಲ್ಲಿ ಕಿಂಗ್ ಸ್ಟ್ರೀಟಿಗೆ ಲ್ಯಾರಿ ಲೆವಾನ್ ಹೆಸರಿಡಬೇಕು ಎಂದು ಒತ್ತಾಯಿಸಿ, ಹಳೆಯ ಗ್ಯಾರೇಜಿನ ಎದುರು ಬೀದಿಯಲ್ಲೇ ಸಾವಿರಾರು ಜನ ಸೇರಿ ಕುಣಿದರು. ಅವನ ಗೆಳೆಯರೇ ಡಿಜೆಗಳು. ಅದಕ್ಕೆ ಆರೇ ವಾರ ಮೊದಲು ಫ್ರಾಂಕಿ ನಕಲ್ಸ್ ಕೂಡ ತೀರಿಕೊಂಡಿದ್ದ. ಆ ಗುಂಪಿನಲ್ಲಿ ಗ್ಯಾರೇಜಿನ ಹಳೆಯ ಸದಸ್ಯರೂ ಇದ್ದರು, ಅವನನ್ನು ಸಿಡಿಯಲ್ಲಿ ಮಾತ್ರ ಕೇಳಿದ ಹುಡುಗ ಹುಡುಗಿಯರೂ ಇದ್ದರು. ಅವರೆಲ್ಲ ಕೇಳುತ್ತಿದ್ದದ್ದು ಒಂದು ಬೀದಿಯ ಬೋರ್ಡು. ಆ ಬೋರ್ಡಿನ ನೆಪದಲ್ಲಿ ಒಂದು ಮಧ್ಯಾಹ್ನದ ಮಟ್ಟಿಗಾದರೂ ಅವರಿಗೆ ಒಟ್ಟಿಗೆ ಕುಣಿಯಲು ಜಾಗ ಸಿಕ್ಕಿತು.