ಸರ್ ನಾರ್ಮನ್ ಲಾಕ್ಯರರೂ ಬೇಕಲದ ಗ್ರಹಣವೂ

ಕಾಸರಗೋಡಿನಿಂದ ದಕ್ಷಿಣಕ್ಕೆ ಕಡಲತೀರವನ್ನು ಹಿಡಿದು ಹೋಗುವವರಿಗೆ ಬೇಕಲದ ಹಳೇ ಕೋಟೆಯು ಕಾಣಸಿಗುವದು. ಅದು ಇಕ್ಕೇರಿಯ ನಾಯಕರ ಕೋಟೆ. 1956ನೇ ಇಸವಿಯಿಂದ ಆ ಸೀಮೆಯು ಕೇರಳಕ್ಕೆ ಸೇರಿದ್ದರೂ ನಾವು ಹೇಳಲಿರುವ ಕಾಲದಲ್ಲಿ ಮದ್ರಾಸ್ ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1871ನೇ ಇಸವಿ ದಶಂಬರ 12ರ ಬೆಳಿಗ್ಗೆ ಅಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತು. ಅದನ್ನು ನೋಡುವದಕ್ಕೆ ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದವರಲ್ಲಿ ಮುಖ್ಯರಾದ ನಾರ್ಮನ್ ಲಾಕ್ಯರರ ಚರಿತ್ರೆಯನ್ನು ನಮ್ಮ ವಾಚಕರಿಗೆ ಸಂಕ್ಷೇಪವಾಗಿ ತಿಳಿಸುವೆವು.

ಇವರು 1836ನೇ ಇಸವಿ ಮೇ 17ರಂದು ರಗ್ಬಿ ಎಂಬ ಊರಲ್ಲಿ ಹುಟ್ಟಿದರು. ಆಕಾಶಶಾಸ್ತ್ರವು ಅವರ ಕಸುಬಾಗಿರಲಿಲ್ಲ. 1857ರಲ್ಲಿ ಲಂಡನ್ನಿನ ಯುದ್ಧಖಾತೆಯ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಹಗಲೆಲ್ಲಾ ಕಾಗದಪತ್ರ ಬರೆದು, ಬಿಡುವು ಸಿಕ್ಕಿದಾಗ ಮನೆಯ ಹಿತ್ತಲಲ್ಲಿ ದೂರದರ್ಶಕವನ್ನಿಟ್ಟು ನೋಡುತ್ತಿದ್ದರು. ಅದರ ಗಾಜು ಆರೂಕಾಲು ಅಂಗುಲ ಅಗಲ ಮಾತ್ರ. 1862ರಲ್ಲಿ ಅಂಗಾರಕ ಗ್ರಹವನ್ನು ನೋಡಿ ಅವರು ಬರೆದ ಚಿತ್ರಗಳನ್ನು ಪಂಡಿತರೂ ಮೆಚ್ಚಿದರು.

ಆಮೇಲೆ ಅವರ ಮನಸ್ಸು ಸೂರ್ಯನ ಕಡೆಗೆ ತಿರುಗಿತು. ಮುಮ್ಮೂಲೆಯ ಗಾಜಿನ ಮೂಲಕ ಬಿಸಿಲನ್ನು ಹಾಯಿಸಿದರೆ ಅದು ಕಾಮನಬಿಲ್ಲಿನ ಬಣ್ಣಗಳಾಗಿ ಒಡೆಯುವದಷ್ಟೆ. ಆ ಬಣ್ಣಗಳೊಳಗೆ ಕಾಣುವ ಗೆರೆಗಳಿಂದ ಸೂರ್ಯನಲ್ಲಿ ಯಾವ ಪದಾರ್ಥ ಉರಿಯುತ್ತದೆಂದು ತಿಳಿಯಬಹುದು. ಸೂರ್ಯನ ಅಂಚಿನಿಂದೇಳುವ ಜ್ವಾಲೆಗಳು ಆ ವರೆಗೆ ಗ್ರಹಣಕಾಲದಲ್ಲಿ ಮಾತ್ರ ಕಾಣುತ್ತಿದ್ದವು. ಅವುಗಳನ್ನು ಯಾವ ದಿನವಾದರೂ ನೋಡಬಹುದೆಂದು ಲಾಕ್ಯರರು 1866ರಲ್ಲೇ ಎಣಿಸಿ ಯಂತ್ರವನ್ನು ಮಾಡಿಸಲು ಹೇಳಿದ್ದರು. ಯಂತ್ರವು ಕೈಗೆ ಬಂದದ್ದು ಎರಡು ವರುಷಗಳ ಮೇಲೆ! 1868ನೇ ಅಕ್ಟೋಬರ 20ರಂದು ಅವರು ಆ ಜ್ವಾಲೆಗಳ ಗೆರೆಗಳನ್ನು ಕಂಡರು. ಅಷ್ಟರೊಳಗೆ ಫ್ರಾನ್ಸಿನ ಜಾನ್ಸೆನ್ನರು ಗುಂಟೂರಿನಲ್ಲಿ ಆಗಸ್ಟ 18ರ ಗ್ರಹಣವನ್ನು ನೋಡಿ, ಮರುದಿನ ಗ್ರಹಣವಿಲ್ಲದೆಯೇ ಅದನ್ನು ಸಾಧಿಸಿದ್ದರು. ಇಬ್ಬರ ವರ್ತಮಾನವೂ ಪ್ಯಾರಿಸಿನ ವಿದ್ವತ್ಸಭೆಗೆ ಒಂದೇ ದಿನ ಮುಟ್ಟಿತು. ಮುಂದೆ ಫ್ರೆಂಚ್ ಸರಕಾರವು ಇಬ್ಬರ ಮುಖಗಳನ್ನೂ ಒಂದೇ ಪದಕದ ಮೇಲೆ ಅಚ್ಚೊತ್ತಿಸಿತು.

ಈಗ ಬೇಕಲಕ್ಕೆ ಬರೋಣ. ಗ್ರಹಣವು ಪೂರ್ಣವಾದಾಗ ಕಪ್ಪು ಚಂದ್ರನ ಸುತ್ತಲೂ ಬೆಳ್ಳಗಿನ ಪ್ರಭಾವಲಯವು ಹೊಳೆಯುವದು. ಅದು ಸೂರ್ಯನದೋ, ಅಥವಾ ನಮ್ಮ ಭೂಮಿಯ ಗಾಳಿಯಲ್ಲಿ ಹುಟ್ಟಿದ ತೋರಿಕೆಯೋ ಎಂದು ಆಗ ದೊಡ್ಡ ವಿವಾದವಿತ್ತು. ಅದರಲ್ಲಿ ಬಹುಪಾಲು ಗಾಳಿಯದೇ ಎಂದು ಮೊದಲು ವಾದಿಸಿದವರಲ್ಲಿ ಲಾಕ್ಯರರೂ ಒಬ್ಬರು. 1870ರಲ್ಲಿ ಇದನ್ನು ನಿಶ್ಚಯಿಸುವದಕ್ಕಾಗಿ ಸಿಸಿಲಿ ದ್ವೀಪಕ್ಕೆ ಹೋಗುವಾಗ ಅವರ ಹಡಗು ಬಂಡೆಗೆ ಬಡಿಯಿತು; ಗ್ರಹಣದ ದಿನವೋ ಮೋಡ ಮುಸುಕಿ, ಪ್ರಭೆಯು ಒಂದೂವರೆ ಸೆಕೆಂಡು ಮಾತ್ರ ಅವರ ಕಣ್ಣಿಗೆ ಬಿತ್ತು. ಅಷ್ಟಾದರೂ ಮರುವರುಷವೇ ನಮ್ಮ ತೀರಕ್ಕೆ ಬಂದರು.

ಕೋಟೆಯ ಮೇಲೆ ಯಂತ್ರಗಳನ್ನು ನಿಲ್ಲಿಸಿದರು. ಪೂರ್ಣಗ್ರಾಸದ ಕಾಲ ಸುಮಾರು ಎರಡೇ ನಿಮಿಷ. ಫೋಟೋ ತೆಗೆಯುವ ಕೆಲಸ ಡೇವಿಸ್ ಎಂಬವರದು. ಆಗಿನ ಫೋಟೋ ಇಂದಿನಂಥದಲ್ಲ; ಗಾಜಿನ ಹಲಗೆಗೆ ಮದ್ದನ್ನು ಸವರಿ, ಅದು ಒಣಗುವದಕ್ಕೆ ಮುಂಚೆಯೇ ಬೆಳಕಿಗೆ ಒಡ್ಡಿ, ಕತ್ತಲೆಯಲ್ಲಿ ತೊಳೆಯಬೇಕಾಗಿತ್ತು. ಅದೇ ಸಮಯದಲ್ಲಿ, ಸೂರ್ಯನನ್ನು ನುಂಗುವ ಭೂತವನ್ನು ಓಡಿಸಬೇಕೆಂದು ಊರ ಜನರು ಬೆಂಕಿ ಹೊತ್ತಿಸತೊಡಗಿದರು. ಹೊಗೆಯು ಮೇಲೆದ್ದಿದ್ದರೆ ಅಷ್ಟು ದೂರದ ಪ್ರಯಾಣವೆಲ್ಲಾ ವ್ಯರ್ಥವಾಗುತ್ತಿತ್ತು. ಪೊಲೀಸರು ಓಡಿಹೋಗಿ ಬೆಂಕಿಯನ್ನು ಆರಿಸಿದರು. ಆ ಜನರನ್ನು ನಾವು ನಗಲಾರೆವು. ಹಾಡುಹಗಲೇ ಕತ್ತಲೆ ಕವಿದರೆ ಯಾರ ಎದೆಯು ನಡುಗದು? ಬಂದವರು ಏನನ್ನು ನೋಡುತ್ತಿದ್ದಾರೆಂದು ಅವರಿಗೆ ಯಾರಾದರೂ ಮೊದಲೇ ತಿಳಿಸಬಹುದಿತ್ತೆಂದು ಮಾತ್ರ ನಮಗೆ ತೋಚುತ್ತದೆ.

ಡೇವಿಸರಿಗೆ ಐದು ಚಿತ್ರಗಳು ದೊರೆತವು. ಅದೇ ಬೆಳಿಗ್ಗೆ ನೀಲಗಿರಿಯ ದೊಡ್ಡಬೆಟ್ಟದಲ್ಲಿ ಇನ್ನೊಂದು ಗುಂಪಿನವರು ತೆಗೆದ ಚಿತ್ರಗಳೊಡನೆ ಇವುಗಳನ್ನು ಹೋಲಿಸಿದಾಗ ಪ್ರಭೆಯ ಆಕಾರವು ಎರಡರಲ್ಲೂ ಒಂದೇ ಎಂದು ಕಂಡಿತು. ಕಡಲದಂಡೆಯ ಗಾಳಿಯೂ ಬೆಟ್ಟದ ತುದಿಯ ಗಾಳಿಯೂ ಒಂದೇ ತೋರಿಕೆಯನ್ನು ಹುಟ್ಟಿಸುವದುಂಟೇ? ಪ್ರಭಾವಲಯವು ಸೂರ್ಯನದೇ ಎಂಬದು ಸ್ಥಿರವಾಯಿತು. ಲಾಕ್ಯರರು ತಾವೇ ಗಾಜುಗಳ ಮೂಲಕ ನೋಡಿ ಸೂರ್ಯನ ಸುತ್ತ ಬಣ್ಣಬಣ್ಣದ ಬಳೆಗಳನ್ನು ಕಂಡು, ತಮ್ಮ ಹಿಂದಣ ಅಭಿಪ್ರಾಯವನ್ನು ತಿದ್ದಿಕೊಂಡರು.

ಮುಂದೆ ಅವರು ಸರ್ ಎಂಬ ಬಿರುದನ್ನು ಹೊಂದಿದರು. 1869ರಲ್ಲಿ ತಾವು ಸ್ಥಾಪಿಸಿದ ನೇಚರ್ ಎಂಬ ಪತ್ರಿಕೆಯನ್ನು 50 ವರುಷ ನಡಿಸಿದರು. ಉಲ್ಕೆಗಳಿಂದಲೇ ನಕ್ಷತ್ರಗಳೆಲ್ಲಾ ಹುಟ್ಟಿದವೆಂಬ ಅವರ ಸಿದ್ಧಾಂತವು ನಿಲ್ಲಲಿಲ್ಲ. ಆದರೆ 1868ರಲ್ಲಿ ಕಂಡ ಹಳದಿ ಗೆರೆಯು ಭೂಮಿಯಲ್ಲಿ ಯಾರೂ ಕಾಣದ ವಾಯುವಿನದೆಂದು ಅವರು ಹೇಳಿದ ಮಾತನ್ನು ಹಲವರು ನಂಬದೆ ಇದ್ದಾಗ್ಯೂ, 1895ರಲ್ಲಿ ರಾಮ್ಸೇ ಎಂಬ ಪಂಡಿತರು ಒಂದು ಖನಿಜದಿಂದ ಅದೇ ಹೀಲಿಯಂ ವಾಯುವನ್ನು ಹೊರತೆಗೆದರು. 1898ರ ಗ್ರಹಣಕ್ಕೆ ಲಾಕ್ಯರರು ಪುನಃ ನಮ್ಮ ದೇಶಕ್ಕೆ, ಕೊಂಕಣದ ವಿಜಯದುರ್ಗಕ್ಕೆ, ಬಂದರು.

1920ನೇ ಇಸವಿ ಆಗಸ್ಟ 16ರಂದು ಅವರು ತೀರಿಹೋದರು. ಸಿಡ್ಮತ್ ಎಂಬ ಊರ ಬಳಿಯ ಗುಡ್ಡದ ಮೇಲೆ ಅವರು ಕಟ್ಟಿಸಿದ ವೀಕ್ಷಣಾಲಯವು ಇಂದಿಗೂ ಇದೆ. ಹಿತ್ತಲಲ್ಲಿದ್ದ ಆ ಆರೂಕಾಲು ಅಂಗುಲದ ಗಾಜು ಅಲ್ಲಿಯೇ ಇದ್ದು, ಅವರಂತೆಯೇ ಬೇರೆ ಕಸುಬಿನವರು ಬಿಡುವಿನ ವೇಳೆಯಲ್ಲಿ ಬಂದು ಆಕಾಶವನ್ನು ನೋಡುತ್ತಾರೆ.