ದೊಡ್ಡ ಸ್ವಾಮಿಯವರು: ಅಬ್ಬೆ ದುಬಾಯ್ ಅವರ ಬಾಳು ಮತ್ತು ಜೀವೋದ್ಧಾರದ ಪ್ರಶ್ನೆ

ಕಷ್ಟ ಬಂದಾಗ ಹಣೆಬರಹವೆಂದು ನಿಟ್ಟುಸಿರು ಬಿಡುವುದು ನಮ್ಮ ನಾಡಿನ ರೂಢಿ. ಕ್ರೈಸ್ತರಾದ ನಾವೂ ಅದಕ್ಕೆ ಹೊರತಲ್ಲ. ಕುಡಿತದ ಚಟದಿಂದ ಬಿಡಿಸಿಕೊಳ್ಳಲಾರದವನನ್ನು, ವರ್ಷಗಟ್ಟಲೆ ದೇವಾಲಯದ ಮೆಟ್ಟಿಲು ತುಳಿಯದವನನ್ನು ಕಂಡಾಗ, ಅವನ ಪಾಲಿಗೆ ಬರೆದದ್ದೇ ಅಷ್ಟು ಎಂದು ತೀರ್ಪಿತ್ತು ಸುಮ್ಮನಾಗುತ್ತೇವೆ. ಯಾರು ಉದ್ಧಾರವಾಗಬೇಕು, ಯಾರು ನಾಶವಾಗಬೇಕು ಎಂಬುದು ಮೊದಲೇ ನಿಶ್ಚಯವಾಗಿದೆಯೇ? ಹಾಗಿದ್ದರೆ ಮನುಷ್ಯನ ಸ್ವತಂತ್ರ ಇಚ್ಛೆಗೆ ಬೆಲೆಯೇನು? ಶತಮಾನೋತ್ಸವದ ಈ ಸಂದರ್ಭದಲ್ಲಿ, ಈ ಪ್ರಶ್ನೆಯೊಡನೆ ಜೀವನವಿಡೀ ಸೆಣಸಿದ ಮೈಸೂರು ಸೀಮೆಯ ಗುರುವೊಬ್ಬರನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ. ಅವರೇ ನಮ್ಮ ಪೂರ್ವಿಕರು ದೊಡ್ಡ ಸ್ವಾಮಿಯವರೆಂದು ಕರೆದ ಅಬ್ಬೆ ದುಬಾಯ್.

ಝಾನ್ ಅಂತ್ವಾನ್ ದುಬಾಯ್ ಅವರು 1760ರ ದಶಕದ ನಡುವಿನಲ್ಲಿ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೇಂಟ್ ರೆಮೆಜ್ ಗ್ರಾಮದಲ್ಲಿ ಜನಿಸಿದರು. 1792ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ, ಗುರುದೀಕ್ಷೆ ಪಡೆದು ಅದೇ ವರ್ಷ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹಡಗು ಹತ್ತಿದರು. ಪಾಂಡಿಚೇರಿಯ ಮಿಷನ್‌ಗೆ ಸೇರಿ ಕೆಲವು ವರ್ಷ ತಮಿಳುನಾಡಿನಲ್ಲಿ ಸೇವೆ ಸಲ್ಲಿಸಿದರು. ಈ ಜನರ ನಡುವೆ ಬಾಳಬೇಕಾದರೆ ಇವರಂತೆಯೇ ಬಾಳಬೇಕೆಂದು ನಿಶ್ಚಯಿಸಿ, ಮಾಂಸಾಹಾರವನ್ನು ತೊರೆದು, ತಲೆಗೆ ರುಮಾಲು ಸುತ್ತಿ, ಈ ದೇಶದ ಉಡುಪನ್ನೇ ತೊಟ್ಟರು.

1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡಿತು. ಹದಿನೈದು ವರ್ಷಗಳ ಹಿಂದೆ, 1784ರಲ್ಲಿ, ಕರಾವಳಿಯ ಸಹಸ್ರಾರು ಕಥೋಲಿಕರು ಬಂದಿಗಳಾಗಿ ಅಲ್ಲಿಗೆ ಒಯ್ಯಲ್ಪಟ್ಟಿದ್ದರು. ಬಲಾತ್ಕಾರಕ್ಕೆ ಸಿಕ್ಕಿ ವಿಶ್ವಾಸವನ್ನು ತೊರೆದವರು ಅವರಲ್ಲಿ ಅನೇಕರು. ಚದುರಿಹೋಗಿದ್ದ ಈ ಮಂದೆಯನ್ನು ಮತ್ತೆ ಕೂಡಿಸುವ ಹೊಣೆ ದುಬಾಯ್ ಅವರ ಮೇಲೆ ಬಿತ್ತು. ತ್ಯಾವಣಿಗೆ, ಚನ್ನಗಿರಿ, ಹೊನ್ನಾಳಿಗಳ ಸೀಮೆಯನ್ನೂ ಒಳಗೊಂಡಿದ್ದ ಮೈಸೂರು ಸಂಸ್ಥಾನವೇ ಅಂದಿನಿಂದ 1823ರವರೆಗೆ ಅವರ ಕಾರ್ಯಕ್ಷೇತ್ರವಾಯಿತು.

ಹಿಂದಿರುಗಿ ಬಂದವರಿಗೆ ಶ್ರೀಸಭೆಯ ಬಾಗಿಲು ತೆರೆಯಿತು. ಕತ್ತಿಯ ಭಯಕ್ಕೆ ನಾಲಗೆ ಒಪ್ಪಿದ್ದನ್ನು ಹೃದಯವೂ ಒಪ್ಪಿತೆಂದು ಹೇಳಲಾಗದು. ಸ್ವಾತಂತ್ರ್ಯವಿಲ್ಲದ ಕಡೆ ಪೂರ್ಣವಾದ ಪಾಪವೂ ಇಲ್ಲ, ನಿಜವಾದ ವಿಶ್ವಾಸವೂ ಇಲ್ಲ. ಇದು ಶ್ರೀಸಭೆಯ ಬೋಧನೆ. ದುಬಾಯ್ ಅವರು ಪಶ್ಚಾತ್ತಾಪಪಟ್ಟು ಬಂದವರನ್ನು ಬರಮಾಡಿಕೊಂಡರು. ಹಾಸನದ ಸಮೀಪದ ಸಾತಳ್ಳಿಯಲ್ಲಿ ಕ್ರೈಸ್ತರಿಗಾಗಿ ಕೃಷಿ ನೆಲೆಯನ್ನು ಏರ್ಪಡಿಸಿ ಬಡವರಿಗೆ ಬದುಕಿನ ದಾರಿ ತೋರಿದರು.

ಆ ಕಾಲದಲ್ಲಿ ಸಿಡುಬು ಊರೂರುಗಳನ್ನೇ ಬರಿದುಮಾಡುತ್ತಿತ್ತು. ಅದು ದೈವದ ಮುನಿಸು, ತಪ್ಪಿಸಲಾಗದ ವಿಧಿ ಎಂದು ಜನ ನಂಬಿದ್ದರು. ದುಬಾಯ್ ಅವರು ವಿಧಿಯೆಂದು ಕೈಕಟ್ಟಿ ಕೂರಲಿಲ್ಲ. ಆಗಷ್ಟೇ ಬಳಕೆಗೆ ಬಂದಿದ್ದ ಲಸಿಕೆಯ ವಿಧಾನವನ್ನು ಕೈಗೊಂಡು, ಹೆದರಿದವರಿಗೆ ಧೈರ್ಯ ಹೇಳಿ, 1803-04ರ ಅವಧಿಯಲ್ಲಿ ಸುಮಾರು 25,000 ಜನರಿಗೆ ದೇವಿ ಹಾಕುವ ಕಾರ್ಯವನ್ನು ನಡೆಸಿದರು. ಜೀವ ಉಳಿಸುವ ಮದ್ದು ಕೈಗೆ ಬಂದಾಗ ಅದನ್ನು ಬೇಡವೆನ್ನುವುದು ದೈವಭಕ್ತಿಯಲ್ಲವೆಂದು ಅವರು ಕೃತಿಯಿಂದಲೇ ತೋರಿಸಿದರು.

ಇಂತಹ ಕರ್ಮಯೋಗಿಯ ಲೇಖನಿಯಿಂದ ಹೊರಟ ಮಾತು ಮಾತ್ರ ಬೇರೆಯಾಗಿತ್ತು. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥವು 1816ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಅವರಿಗೆ ಕೀರ್ತಿ ತಂದಿತು. ಅದರ ಬಹುಭಾಗಕ್ಕೆ ಕೋರ್ದೂ ಎಂಬ ಹಿಂದಿನ ಯೇಸುಸಭೆಯ ಗುರುವಿನ ಬರಹವೇ ಆಧಾರವೆಂದು 1987ರಲ್ಲಿ ವಿದ್ವಾಂಸರು ತೋರಿಸಿದ್ದಾರೆ. 1823ರಲ್ಲಿ ಪ್ರಕಟವಾದ, ಭಾರತದ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳು ದೊಡ್ಡ ವಿವಾದವನ್ನೆಬ್ಬಿಸಿದವು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಮ್ಮಿಂದ ಹೊಸದಾಗಿ ಜ್ಞಾನಸ್ನಾನ ಪಡೆದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದು ಅವರು ಲೆಕ್ಕ ಒಪ್ಪಿಸಿದರು. ಸೆರೆಯಲ್ಲಿ ವಿಶ್ವಾಸ ತೊರೆದವರ ನಡುವೆ ಒಬ್ಬನಾದರೂ ರಕ್ತಸಾಕ್ಷಿಯಾಗಲಿಲ್ಲವೆಂದು ಕಟುವಾಗಿ ದೂರಿದರು. ಈ ದೇಶದ ಜನರನ್ನು ಕ್ರಿಸ್ತನೆಡೆಗೆ ತರುವುದು ಮನುಷ್ಯಪ್ರಯತ್ನದಿಂದ ಸಾಧ್ಯವಿಲ್ಲವೆಂದು ತೀರ್ಮಾನಿಸಿದರು. 1824ರಲ್ಲಿಯೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟಂಟ್ ಬೋಧಕರು ಇದನ್ನು ಖಂಡಿಸಿ ಪುಸ್ತಕಗಳನ್ನು ಬರೆದರು.

ಒಂದು ಜನಾಂಗದ ಬಗೆಗೆ ಹೀಗೆ ಕೈಚೆಲ್ಲಬಹುದೇ? ಈ ಪ್ರಶ್ನೆಗೆ ಶ್ರೀಸಭೆಯು ಬಹುಕಾಲದ ಮಥನದ ನಂತರ ಉತ್ತರಿಸಿದೆ. ಐದನೆಯ ಶತಮಾನದಲ್ಲಿ ಪೆಲಾಜಿಯಸ್ ಎಂಬಾತ ಮನುಷ್ಯನು ಸ್ವಂತ ಬಲದಿಂದಲೇ ಸನ್ಮಾರ್ಗಿಯಾಗಬಲ್ಲನೆಂದಾಗ, ಸಂತ ಅಗಸ್ತೀನರು ದೇವರ ವರಪ್ರಸಾದವಿಲ್ಲದೆ ಒಂದು ಹೆಜ್ಜೆಯೂ ಸಾಗದೆಂದು ವಾದಿಸಿದರು. 529ರ ಆರೆಂಜ್ ಸಭೆಯು ವರಪ್ರಸಾದವೇ ಮೊದಲೆಂದು ಒಪ್ಪಿ, ಆದರೆ ದೇವರು ಯಾರನ್ನೂ ಕೇಡಿಗಾಗಿ ಮುಂಚೆಯೇ ನೇಮಿಸಿಲ್ಲವೆಂದು ಸಾರಿತು. ಹದಿನಾರನೆಯ ಶತಮಾನದಲ್ಲಿ ಕ್ಯಾಲ್ವಿನನು ಕೆಲವರು ಉದ್ಧಾರಕ್ಕೂ ಕೆಲವರು ವಿನಾಶಕ್ಕೂ ಮೊದಲೇ ಗೊತ್ತಾದವರೆಂದು ಬೋಧಿಸಿದನು. 1547ರಲ್ಲಿ ಟ್ರೆಂಟ್ ಮಹಾಸಭೆಯು ಇಂಥ ಬೋಧನೆಯನ್ನು ತಿರಸ್ಕರಿಸಿ, ದೇವರು ಕರೆಯುತ್ತಾರೆ, ಮನುಷ್ಯನು ಆ ಕರೆಗೆ ಒಪ್ಪಲೂಬಹುದು, ಒಲ್ಲೆನೆನ್ನಲೂಬಹುದು ಎಂದು ನಿರ್ಣಯಿಸಿತು. ಕ್ರಿಸ್ತನು ಎಲ್ಲರಿಗಾಗಿ ಪ್ರಾಣತೆತ್ತನೆಂಬುದನ್ನು ಅಲ್ಲಗಳೆಯುವಂತಿದ್ದ ಜಾನ್ಸೆನಿಸ್ಟರ ವಾದವು 1653ರಲ್ಲಿ ಖಂಡಿತವಾಯಿತು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ತಮ್ಮ ತಪ್ಪಿಲ್ಲದೆ ಶುಭಸಂದೇಶವನ್ನು ಅರಿಯದೆ, ವರಪ್ರಸಾದದ ಪ್ರೇರಣೆಯಿಂದ ಅಂತಃಸಾಕ್ಷಿಯಂತೆ ಬಾಳುವವರಿಗೂ ಜೀವೋದ್ಧಾರವು ಸಾಧ್ಯವೆಂದು ಸ್ಪಷ್ಟಪಡಿಸಿತು.

ನಮ್ಮ ಸೀಮೆಯ ರೈತರಿಗೆ ಇದು ತಿಳಿಯದ ಮಾತಲ್ಲ. ಭದ್ರಾ ಕಾಲುವೆಯ ನೀರು ನಾವು ಬರಿಸಿದ್ದಲ್ಲ. ದೂರದ ಮಲೆನಾಡಿನ ಮಳೆಯಿಂದ ಬಂದದ್ದು. ಆದರೆ ಗದ್ದೆಯ ಮಡೆಯನ್ನು ತೆರೆಯದವನ ಪೈರು ತುಂಬಿದ ಕಾಲುವೆಯ ಪಕ್ಕದಲ್ಲಿಯೇ ಒಣಗುತ್ತದೆ. ವರಪ್ರಸಾದದ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು: ಮಡೆ ತೆರೆಯುವ ಕೈಗೆ ಕಸುವು ಕೊಡುವವರೂ ದೇವರೇ. ಆದ್ದರಿಂದ ಉದ್ಧಾರವಾದವನು ಹೆಮ್ಮೆಪಡುವಂತಿಲ್ಲ, ದೂರವಿರುವವನು ನಿರಾಶನಾಗಬೇಕಿಲ್ಲ.

ಈ ಬೆಳಕಿನಲ್ಲಿ ದುಬಾಯ್ ಅವರ ತೀರ್ಮಾನವನ್ನು ನೋಡಿದರೆ, ಮನುಷ್ಯಪ್ರಯತ್ನದಿಂದ ಸಾಧ್ಯವಿಲ್ಲವೆಂಬ ಮಾತು ಒಂದರ್ಥದಲ್ಲಿ ನಿಜವೇ. ಯಾರ ಉದ್ಧಾರವೂ ಬರಿಯ ಮನುಷ್ಯಪ್ರಯತ್ನದಿಂದಾಗದು. ಆದರೆ ದಣಿದ ಮನಸ್ಸು ಕೊಟ್ಟ ಲೆಕ್ಕ ದೇವರ ಲೆಕ್ಕವಾಗಬೇಕಿಲ್ಲ. ಇದಕ್ಕೆ ಅವರ ಬಾಳಿನ ಉತ್ತರಾರ್ಧವೇ ಸಾಕ್ಷಿ. 1823ರ ಜನವರಿಯಲ್ಲಿ ಭಾರತವನ್ನು ಬಿಟ್ಟ ಅವರು, ಪ್ಯಾರಿಸ್ಸಿನ ತಮ್ಮ ಸಂಸ್ಥೆಯ ಗುರುಮಠದ ನಿರ್ದೇಶಕರಲ್ಲಿ ಒಬ್ಬರಾದರು. 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿದ್ದರು. ಅಸಾಧ್ಯವೆಂದು ಬರೆದವರೇ, ಪೂರ್ವದೇಶಗಳಿಗೆ ಹೊರಡುವ ಎಳೆಯ ಗುರುಗಳನ್ನು ಸಿದ್ಧಗೊಳಿಸುವ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಸಲ್ಲಿಸಿದರು. 1848ರ ಫೆಬ್ರವರಿ 17ರಂದು ಅಲ್ಲಿಯೇ ದೈವಾಧೀನರಾದರು.

ಅವರು ಕೈಚೆಲ್ಲಿದ ನೆಲದಲ್ಲಿಯೇ 1850ರಲ್ಲಿ ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತವಾಯಿತು, 1886ರಲ್ಲಿ ಧರ್ಮಕ್ಷೇತ್ರವಾಯಿತು. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರವು 1988ರಲ್ಲಿ ಉದಯಿಸಿತು. ದೊಡ್ಡ ಸ್ವಾಮಿಯವರ ಲೆಕ್ಕವೇ ಕಡೆಯದಾಗಿದ್ದರೆ ಇಂದು ಶತಮಾನೋತ್ಸವವನ್ನು ಆಚರಿಸಲು ನಾವಿರುತ್ತಿರಲಿಲ್ಲ.

ಆದಕಾರಣ, ಪ್ರಿಯ ವಿಶ್ವಾಸಿಗಳೆ, ಹಣೆಬರಹದ ಮಾತನ್ನು ನಾವು ಬಿಟ್ಟುಬಿಡೋಣ. ನಮ್ಮ ಕೇರಿಯಲ್ಲಿ ದೇವಾಲಯವನ್ನು ಮರೆತ ಮನೆಗಳಿದ್ದರೆ, ಕುಟುಂಬದಿಂದ ದೂರವಾದ ಮಕ್ಕಳಿದ್ದರೆ, ಅವರ ಪಾಲಿನ ಪುಟವನ್ನು ದೇವರು ಇನ್ನೂ ಮುಚ್ಚಿಲ್ಲವೆಂದು ನಂಬೋಣ. ಬಲವಂತ ಮಾಡದೆ, ಬೇಸರಪಡದೆ, ಅವರ ಬಾಗಿಲಿಗೆ ಹೋಗಿ ಕರೆಯೋಣ. ಕರೆಯುವುದು ನಮ್ಮ ಪಾಲು, ಓಗೊಡುವುದು ಅವರ ಪಾಲು. ಈ ಎರಡಕ್ಕೂ ಬಲವನ್ನೀಯುವ ದಯಾಮಯ ದೇವರಿಗೆ ಸದಾ ಸ್ತುತಿ ಸಲ್ಲಲಿ.